ಹಿಂದಕ್ಕೆ ಹೋಗುವ ಗುಂಡಿ

ಮೊದಲು ಇಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು.
ಬೋರ್ಡು ಕಿತ್ತ ಜಾಗದಲ್ಲಿ ಗೋಡೆ
ಇನ್ನೂ ಬೆಳ್ಳಗೆ, ಒಂದು ಚೌಕ.
ಈಗ ಆರು ಟಿವಿ, ಆರು ಕುರ್ಚಿ,
ಗಂಟೆಗೆ ಐವತ್ತು ರೂಪಾಯಿ.
ಶ್ರೀರಾಮಪುರದ ಮೇಲೆ ಮೆಟ್ರೋ ಹಾದಾಗೆಲ್ಲ
ನನ್ನ ಟೀ ಲೋಟದೊಳಗೆ ಚಮಚ ಮಾತಾಡುತ್ತದೆ.

ಈ ತಿಂಗಳು ಎಲ್ಲರಿಗೂ ಒಂದೇ ಆಟ:
ದೀಪ ಹಿಡಿದ ಹುಡುಗಿ, ಮುರಿದ ಮೆಟ್ಟಿಲುಗಳ ಊರು.
ಜಿಗಿತ ತಪ್ಪಿದರೆ ಎಡ ತೋರುಬೆರಳಿನ ಗುಂಡಿ.
ಒತ್ತಿದರೆ ಬಿದ್ದವಳು ಮೇಲಕ್ಕೆ ಬೀಳುತ್ತಾಳೆ,
ಒಡೆದ ಹೂಜಿ ಚೂರು ಚೂರಾಗಿ ಕೂಡಿಕೊಳ್ಳುತ್ತದೆ,
ಹಾರಿಹೋದ ಕಾಗೆ ಬಾಲ ಮುಂದಾಗಿ ಬಂದು
ಅದೇ ಕೊಂಬೆಯಲ್ಲಿ ಕೂರುತ್ತದೆ.

"ಸತ್ರೆ ಸಾಯ್ಬೇಕು ಸಾರ್" ಅನ್ನುತ್ತಾನೆ ಸೆಲ್ವರಾಜು,
ಹೊಟ್ಟೆಪಾಡಿಗೆ ಓಕಳೀಪುರದ ಸಿಗ್ನಲ್ಲು ಹಾರುವವನು.
"ಭಯಾನೇ ಇಲ್ದೆ ಜಿಗಿಯೋದು ಒಂದು ಜಿಗಿತಾನಾ? ಮೋಸ ಇದು."
ಹಾಗಂದವನೇ ಮೂರನೇ ಹಂತದಲ್ಲಿ
ಹದಿನೇಳು ಸಲ ಒತ್ತಿದ.
ಎಣಿಸಿದ್ದೇನೆ.

ತಬಸ್ಸುಮ್ ಬರುವುದು ಮಧ್ಯಾಹ್ನ, ಲ್ಯಾಬಿನ ಊಟದ ಹೊತ್ತಿನಲ್ಲಿ,
ಬೆರಳಲ್ಲಿ ಸ್ಪಿರಿಟ್ಟಿನ ವಾಸನೆ.
ಅವಳು ಬೇಕೆಂದೇ ಬೀಳುತ್ತಾಳೆ.
"ಬೀಳೋದನ್ನ ಉಲ್ಟಾ ನೋಡಿದ್ದೀರಾ? ಯಾರೋ ಎತ್ಕೊಂಡ ಹಾಗೆ."
ಗೆಲ್ಲುವುದು ಅವಳಿಗೆ ಬೇಕಿಲ್ಲ.
ಎರಡನೇ ಹಂತ ದಾಟಿಲ್ಲ. ದಾಟುವ ಯೋಚನೆಯೂ ಇಲ್ಲ.

ದೇವಯ್ಯ ಪಾರ್ಕಿನ ಅಣ್ಣತಮ್ಮ ಎಡ್ವಿನ್, ಲಾರೆನ್ಸ್
ಐದನೇ ಹಂತಕ್ಕೆ ಮಾತು ಬಿಟ್ಟರು.
ಅಲ್ಲಿ ನಿನ್ನದೇ ಹಿಂದಿನ ನೆರಳು ಬಂದು
ಬಾಗಿಲು ಹಿಡಿದು ನಿಲ್ಲಬೇಕು, ನೀನು ನುಸುಳಬೇಕು.
ಒಬ್ಬನಿಗೆ ಅದು ಅದ್ಭುತ, ಮೈ ಜುಮ್ಮೆಂದಿತಂತೆ.
ಇನ್ನೊಬ್ಬನಿಗೆ ತಲೆನೋವು:
"ಕತೆ ಜಾಸ್ತಿ, ಜಿಗಿತ ಕಮ್ಮಿ, ದುಡ್ಡು ದಂಡ."
ಸಂಗೀತ ಚೆನ್ನಾಗಿದೆ ಎಂಬಲ್ಲಿ ಮಾತ್ರ ಇಬ್ಬರೂ ತಲೆಯಾಡಿಸಿದರು,
ಬೇರೆ ಬೇರೆ ಗೋಡೆ ನೋಡುತ್ತ.

ಮೊಮ್ಮಗನನ್ನು ಎಳೆದೊಯ್ಯಲು ಬಂದ ಹನುಮಕ್ಕ
ಕೈಚೀಲ ಕೆಳಗಿಳಿಸಿ, ಸ್ವಲ್ಪ ಹೊತ್ತು ನೋಡಿ, ಕೇಳಿದಳು:
"ಅಲ್ಲಾ, ಆ ಮಗೂನ ಅಷ್ಟು ಸಲ ಬೀಳಿಸಿದ್ರಲ್ಲಾ,
ಅದಕ್ಕೆ ನೆನಪಿರಲ್ವಾ?"

ಆರು ಕುರ್ಚಿಯೂ ಸುಮ್ಮನಾದವು.
ಸೊಪ್ಪಿನ ಕಟ್ಟು ಸರಿಮಾಡಿಕೊಂಡು ಅವಳು ಹೋದಳು.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ: ನಮ್ಮ ಕನ್ನಡ ಮೆಷಿನ್ನಿನಲ್ಲೂ
ಹಿಂದಕ್ಕೆ ಹೋಗುವ ಗುಂಡಿ ಒಂದಿತ್ತು.
ಒತ್ತಿದರೆ ರೋಲರು ಒಂದು ಮನೆ ಸರಿಯುತ್ತಿತ್ತು,
ಅಕ್ಷರ ಮಾತ್ರ ಅಲ್ಲೇ.
ಮೇಲೆ ಇನ್ನೊಂದು ಹೊಡೆದರೆ ಎರಡೂ ಕೂಡಿ
ಕಪ್ಪು ಗಾಯ.
ಆದರೆ ಬಿಟ್ಟುಹೋದ ಒತ್ತನ್ನು ಕೊಡಬಹುದಿತ್ತು.
'ತಪು' ಎಂದು ಹೊಡೆದ ಹುಡುಗಿಯರು
ಹಿಂದೆ ಹೋಗಿ ಪಕಾರದ ಕೆಳಗೆ ಒತ್ತು ಕೊಟ್ಟರೆ
'ತಪ್ಪು' ಸರಿಯಾಗುತ್ತಿತ್ತು.
ಅಷ್ಟೇ ನನಗೆ ಗೊತ್ತಿರುವ ವಿದ್ಯೆ.

ಸಂಜೆ ಸೆಲ್ವರಾಜು ಜಗಳ ತೆಗೆದ:
"ಹಿಂದಕ್ಕೆ ಹೋದ ಟೈಮು ಕಳೀರಿ ಸಾರ್,
ಅದನ್ನ ನಾನು ಆಡೇ ಇಲ್ವಲ್ಲ!"
ನೋಟ್‌ಬುಕ್ಕು ತಿರುಗಿಸಿ ತೋರಿಸಿದೆ.
ಬಂದದ್ದು ಆರು ಹತ್ತು, ಎದ್ದದ್ದು ಏಳು ನಲವತ್ತು.
ನನ್ನ ಗೋಡೆಯ ಗಡಿಯಾರಕ್ಕೆ ಎಡಗೈ ಇಲ್ಲ ಕಣಪ್ಪ.
ಎಪ್ಪತ್ತೈದು ರೂಪಾಯಿ ಎಣಿಸಿ ಕೊಟ್ಟ,
ಐದು ರೂಪಾಯಿ ಬಾಕಿ ಎಂದ. ಬರೆದುಕೊಂಡೆ.

ಷಟರು ಅರ್ಧ ಎಳೆದು ನಾನೂ ಕೂತೆ.
ಕಿರುಬೆರಳು ಇಲ್ಲದ ಕೀಲಿಯೊಂದನ್ನು ಹುಡುಕುತ್ತಲೇ ಇತ್ತು.
ಮೊದಲ ಹಳ್ಳದಲ್ಲೇ ಬಿದ್ದಳು.
ಒತ್ತಲಿಲ್ಲ.
ಬಿದ್ದಲ್ಲೇ ಇದ್ದಾಳೆ, ದೀಪ ಆರಿಲ್ಲ,
ಯಾರನ್ನೋ ಕಾಯುವವಳಂತೆ ಉಸಿರಾಡುತ್ತಾಳೆ.
ಕೊನೆಯ ಮೆಟ್ರೋ ಹೋಯಿತು. ಚಮಚ ಮಾತಾಡಿತು.
ಬೆರಳು ಗುಂಡಿಯ ಮೇಲೆ.
ಹತ್ತು ಗಂಟೆ ಇಪ್ಪತ್ತು, ಇಪ್ಪತ್ತೊಂದು.
ಈ ಬಿಲ್ಲು
ಯಾರ ಹೆಸರಿಗೆ ಬರೆಯಲಿ?